ಹಾಡು ಎಷ್ಟು ಗಂಟೆಗೆ?

ಹದಿನೈದು ದಿನಗಳೊಳಗೆ ನಮ್ಮ ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ ನಾಲ್ಕು ಸಂಗೀತ ಕಾರ್ಯಕ್ರಮಗಳು. ವರ್ಷವಿಡೀ ಜೋಗಿಮಟ್ಟಿಯ ಗಾಳಿಯ ಸದ್ದನ್ನೇ ಕೇಳಿಕೊಂಡಿದ್ದವರಿಗೆ ಇದು ಅಜೀರ್ಣವಾಗುವಷ್ಟು ದೊಡ್ಡ ಊಟ. ಯಾವುದಕ್ಕೆ ಹೋಗುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನಿಸಲು ನಾವು ಐದು ಜನ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಬೆಂಚಿನ ಮೇಲೆ ಸೇರಿದ್ದೆವು. ನಿವೃತ್ತ ಗಣಿತದ ಮೇಷ್ಟ್ರು, ಪಾತ್ರೆ ಅಂಗಡಿಯ ಶೆಟ್ಟರು, ಚಳ್ಳಕೆರೆಯಿಂದ ಬಂದಿದ್ದ ನಮ್ಮ ಭಾವ, ಮೈಕ್‌ಸೆಟ್ಟಿನ ಹುಡುಗ ಮತ್ತು ನಾನು. ಹುಡುಗನಿಗೆ ನಲವತ್ತೆರಡು ವರ್ಷ. ಮೈಕ್‌ಸೆಟ್ ಬಾಡಿಗೆಗೆ ಕೊಡುವವನು ನಮ್ಮೂರಿನಲ್ಲಿ ಎಂದಿಗೂ ಹುಡುಗನೇ.

ಶೆಟ್ಟರ ಓಟು ಮೊದಲೇ ರಸಮಂಜರಿಗೆ ಬಿದ್ದಿತ್ತು. "ಹಳೆಯ ಚಿತ್ರಗೀತೆ ಹಾಡುತ್ತಾರೆ, ಕೀಬೋರ್ಡು ಇರುತ್ತದೆ, ದೀಪ ಬಣ್ಣಬಣ್ಣವಾಗಿ ತಿರುಗುತ್ತದೆ. ಕೊಟ್ಟ ಕಾಸಿಗೆ ಮೋಸವಿಲ್ಲ" ಎಂದರು.

"ಪ್ರವೇಶ ಉಚಿತ, ಶೆಟ್ಟರೇ."

"ಹಾಗಾದರೆ ಇನ್ನೂ ಒಳ್ಳೆಯದು."

ಮೇಷ್ಟ್ರಿಗೆ ಶನಿವಾರದ ಹಿಂದೂಸ್ತಾನಿ ಗಾಯನವೇ ಆಗಬೇಕು. "ಚಿತ್ರಗೀತೆಯ ವಿಷಯ ನನ್ನ ಮುಂದೆ ತೆಗೆಯಬೇಡಿ" ಎಂದು ಅವರು ಹಳೆಯ ಗಾಯವನ್ನು ಕೆರೆದುಕೊಂಡರು. ಈ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ತ.ರಾ.ಸು. ಅವರೇ ಬರೆದ 'ಹಂಸಗೀತೆ' ಎಂಬ ಕಾದಂಬರಿ, ಅದರಲ್ಲಿ ದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯ. ಅದೇ ಕಥೆ 1956ರಲ್ಲಿ ಹಿಂದಿಗೆ ಹೋಗಿ 'ಬಸಂತ್ ಬಹಾರ್' ಚಿತ್ರವಾಯಿತು. ಅದರಲ್ಲೊಂದು ಗಾಯನ ಸ್ಪರ್ಧೆ. ಒಂದು ಕಡೆ ಮನ್ನಾ ಡೇ, ಇನ್ನೊಂದು ಕಡೆ ಭೀಮಸೇನ ಜೋಶಿ. ಕಥಾನಾಯಕನ ದನಿ ಮನ್ನಾ ಡೇ ಅವರದಾದ್ದರಿಂದ ಸೋಲಬೇಕಾದವರು ಭೀಮಸೇನರು! "ದುರ್ಗದ ಕಥೆ, ಗದಗಿನ ಕಂಠ, ಸೋಲು ಮಾತ್ರ ನಮಗೆ" ಎಂದು ಮೇಷ್ಟ್ರು ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಕಚ್ಚಿದರು. ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಭೀಮಸೇನರಿಗೋ ಗೊತ್ತಾಗಲಿಲ್ಲ.

"ಭೈರವಿ ಅಂದರೆ ಕಛೇರಿಯ ಕೊನೆಗೆ ಹಾಡುವುದಲ್ಲವೇ? ನಾನು ವೈರ್ ಸುತ್ತುವುದಕ್ಕೆ ಶುರು ಮಾಡುವುದೇ ಭೈರವಿ ಬಂದಾಗ" ಎಂದ ಹುಡುಗ.

"ಅದು ಹಿಂದೂಸ್ತಾನಿ ಭೈರವಿ. ಅದರ ಸ್ವರಗಳು ಕರ್ನಾಟಕ ಪದ್ಧತಿಯ ತೋಡಿಗೆ ಹತ್ತಿರ. ಕರ್ನಾಟಕ ಸಂಗೀತದ ಭೈರವಿಯೇ ಬೇರೆ" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡೇ ತಿದ್ದಿದರು. ಅವರು ಮದುವೆಯ ಮನೆಯಲ್ಲೂ ಲಾಡು ಎಣಿಸಿ ಬಡಿಸಿದವರು. ತಪ್ಪು ಲೆಕ್ಕವನ್ನು ಅವರಿಂದ ಸಹಿಸಲಾಗುವುದಿಲ್ಲ.

ಭಾವನದು ಬೇರೆಯೇ ತಕರಾರು. ಅವರ ಮಟ್ಟಿಗೆ ಹಾಡುಗಾರಿಕೆಗೆ ಮೈಕ್ ಹಚ್ಚುವುದೇ ಅನುಮಾನದ ಸಂಗತಿ. "ನಮ್ಮ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವಳಲ್ಲ. ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದಳು. ಅವಳಿಗೆ ಯಾವ ತಂಬೂರಿ, ಯಾವ ಸೌಂಡ್ ಬಾಕ್ಸು?" ಎಂದರು. ನಾಲ್ಕನೆಯ ಕಾರ್ಯಕ್ರಮದ ಜನಪದ ಗಾಯನಕ್ಕಾದರೆ ಬರುತ್ತಾರಂತೆ, ಹಾಡುವವರು ಮುಂದೆ ಕಾಗದ ಇಟ್ಟುಕೊಂಡಿರಬಾರದಂತೆ.

ಹುಡುಗ ನಿಟ್ಟುಸಿರು ಬಿಟ್ಟ. "ತಂಬೂರಿಯ ಸುದ್ದಿ ತೆಗೆಯಬೇಡಿ ಭಾವ. ಮೊದಮೊದಲು ಒಂದು ಕಛೇರಿಗೆ ಹೋಗಿದ್ದೆ. ಗಾಯಕರು ಕುಳಿತ ಕ್ಷಣದಿಂದ ಗುಂಯ್ ಎಂದು ಒಂದೇ ಸದ್ದು. ಆಂಪ್ಲಿಫೈಯರಿನ ದೋಷ ಅಂದುಕೊಂಡು ಒಂದೊಂದೇ ವೈರ್ ಕಿತ್ತು ನೋಡಿದೆ. ಕೊನೆಗೆ ಸದ್ದು ನಿಂತಿತು. ಗಾಯಕರೂ ನಿಂತರು. ಅದು ಪೆಟ್ಟಿಗೆ ತಂಬೂರಿಯಂತೆ."

ಇಷ್ಟು ಹೊತ್ತಿಗೆ ಎರಡನೆಯ ಪ್ಲೇಟು ಮಂಡಕ್ಕಿ ಬಂದಿತ್ತು. ಶನಿವಾರದ ಮರುದಿನ, ಭಾನುವಾರದ ವಚನ ಗಾಯನಕ್ಕೆ ಎಲ್ಲರೂ ಹೋಗುವುದೆಂದು ಅರ್ಧ ನಿಮಿಷದಲ್ಲಿ ತೀರ್ಮಾನವಾಯಿತು. ಅದನ್ನು ಬೇಡವೆನ್ನುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ. ಉಳಿದದ್ದು ಶನಿವಾರದ ಪ್ರಶ್ನೆ. ಶನಿವಾರದ ಆಹ್ವಾನ ಪತ್ರಿಕೆ ನನ್ನ ಬಳಿಯೇ ಇತ್ತು. ಎಣ್ಣೆಗೈಯವರಿಗೆ ಕೊಡುವುದು ಬೇಡವೆಂದು ನಾನೇ ಓದಿದೆ. ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಘನ ಉಪಸ್ಥಿತಿ. ಮುಖ್ಯರಿಗೂ ವಿಶೇಷರಿಗೂ ಏನು ವ್ಯತ್ಯಾಸವೆಂದು ಭಾವ ಕೇಳಿದರು. ಮುಖ್ಯರು ತಡವಾಗಿ ಬರುತ್ತಾರೆ, ವಿಶೇಷರು ಬೇಗ ಹೋಗುತ್ತಾರೆ ಎಂದೆ. ಒಟ್ಟು ಹನ್ನೊಂದು ಜನ. ಹಾಡುವವರ ಹೆಸರು ಕೆಳಗೆ, ತಬಲಾ ಮತ್ತು ಹಾರ್ಮೋನಿಯಂ ಸಾಥಿಗಳ ಹೆಸರು ಅದಕ್ಕೂ ಕೆಳಗೆ, ಇರುವೆಯ ಸಾಲಿನಷ್ಟು ಸಣ್ಣದಾಗಿ.

ಮೇಷ್ಟ್ರು ಮಂಡಕ್ಕಿ ಕಟ್ಟಿದ್ದ ಕಾಗದವನ್ನೇ ಬಿಡಿಸಿ, ಕಿವಿಯಿಂದ ಪೆನ್ಸಿಲ್ ತೆಗೆದರು.

"ಐದೂವರೆ ಎಂದು ಅಚ್ಚಾಗಿದೆ. ಆದ್ದರಿಂದ ಆರೂವರೆ. ನಾಡಗೀತೆ ಎರಡೂವರೆ ನಿಮಿಷ. ಇದೊಂದು ಮಾತ್ರ ಖಚಿತ, 2022ರಲ್ಲಿ ಸರ್ಕಾರವೇ ನಿಗದಿ ಮಾಡಿದೆ."

"ಭಾಷಣಕ್ಕೂ ಒಂದು ಆದೇಶ ಹೊರಡಿಸಬಹುದಿತ್ತು" ಎಂದರು ಭಾವ.

"ಆದೇಶ ಹೊರಡಿಸುವವರೇ ಭಾಷಣ ಮಾಡುವವರು. ದೀಪ ಹಚ್ಚಲು ಒಂಬತ್ತೂವರೆ ನಿಮಿಷ, ಕಡ್ಡಿ ಆರುತ್ತದೆ. ಸ್ವಾಗತ, ಪ್ರಾಸ್ತಾವಿಕ ಇಪ್ಪತ್ತು. ಹನ್ನೊಂದು ಜನರಿಗೆ ತಲಾ ಎಂಟರಂತೆ ಎಂಬತ್ತೆಂಟು. ಆರು ಸನ್ಮಾನ, ಶಾಲು ಹಾರ ಹಣ್ಣಿನ ಬುಟ್ಟಿ ಫೋಟೋ ಸೇರಿ ಮೂವತ್ತು. ಒಟ್ಟು ನೂರೈವತ್ತು. ಸರಿಯಾಗಿ ಒಂಬತ್ತು ಗಂಟೆ."

ಮೇಷ್ಟ್ರ ಮುಖ ಕಪ್ಪಿಟ್ಟಿತು. ಗಾಯಕರು ಪೂರಿಯಾ ಧನಾಶ್ರೀ ಹಾಡುತ್ತಾರೆಂದು ಅವರಿಗೆ ಯಾರೋ ಹೇಳಿದ್ದರು. ಅದು ಸೂರ್ಯ ಮುಳುಗುವ ಹೊತ್ತಿನ ರಾಗ. ಪ್ರಾಸ್ತಾವಿಕ ನುಡಿಯಲ್ಲೇ ಅದರ ಗಡುವು ಮುಗಿಯುತ್ತದೆ. ಅಧ್ಯಕ್ಷರು ಬೇಗ ಮುಗಿಸಿದರೆ ಯಮನ್‌ಗೆ ಬಾಗಿಲು ತೆರೆದಿರಬಹುದು. ಅವರು ತಮ್ಮ ಬಾಲ್ಯವನ್ನು ನೆನೆಸಿಕೊಂಡರೆ ಬಾಗೇಶ್ರೀ. ಒಬ್ಬರು ಕವಿತೆ ಓದಿದರಂತೂ ನೇರ ನಡುರಾತ್ರಿಯ ಮಾಲಕೌಂಸ್.

"ರಾಗ ಆರಿಸುವವರು ಗಾಯಕರಲ್ಲ, ಅತಿಥಿಗಳು ಎಂದಾಯಿತು" ಎಂದೆ ನಾನು, ಬಹಳ ನ್ಯಾಯವಂತನಂತೆ.

"ಅತಿಥಿಗಳನ್ನು ಕಡಿಮೆ ಮಾಡುವ ಮಾತು ಬೇಡ" ಎಂದು ಶೆಟ್ಟರು ಗಡಿಬಿಡಿಯಿಂದ ಹೇಳಿದರು. "ಹಿರಿಯರಿಗೆ ಗೌರವ ಸಲ್ಲಲೇಬೇಕು." ನೆನಪಿನ ಕಾಣಿಕೆಗಳು ಅವರ ಅಂಗಡಿಯಿಂದಲೇ ಹೋಗುತ್ತವೆ. ಹನ್ನೊಂದಕ್ಕೆ ಆರು ಸೇರಿ ಹದಿನೇಳು ಎಂದು ಅವರ ತುಟಿ ಅಲುಗಿದ್ದನ್ನು ನಾನು ನೋಡಿದೆ.

ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕಲ್ಲ ಎಂದು ಭಾವ ನೆನಪಿಸಿದರು. ಹುಡುಗ ಈ ಒಂದು ಕಾನೂನನ್ನು ಮಾತ್ರ ಬಾಯಿಪಾಠ ಮಾಡಿದ್ದಾನೆ. "2000ದ ಶಬ್ದಮಾಲಿನ್ಯ ನಿಯಮದಲ್ಲಿ ಬಾಗಿಲು ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಪೊಲೀಸರು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಬಸ್ಸು. ಒಂಬತ್ತೂವರೆ ಆಗುತ್ತಿದ್ದಂತೆ ಅರ್ಧ ಸಭಾಂಗಣ ಎದ್ದು ಚಪ್ಪಲಿ ಹುಡುಕುತ್ತದೆ."

"ನಾನೂ ಒಂಬತ್ತೂ ಇಪ್ಪತ್ತಕ್ಕೆ ಏಳಬೇಕು" ಎಂದರು ಭಾವ. "ಒಂಬತ್ತಕ್ಕೆ ಸಭೆ ಮುಗಿದರೆ ನನಗೆ ಇಪ್ಪತ್ತು ನಿಮಿಷದ ಹಾಡು ಸಿಗುತ್ತದೆ, ಅಲ್ಲವೇ?"

"ಹತ್ತು. ತಬಲಾ ಶ್ರುತಿ ಮಾಡಬೇಡವೇ? ಸುತ್ತಿಗೆಯಲ್ಲಿ ಟಕಟಕ ಹತ್ತು ನಿಮಿಷ. ಆಮೇಲೆ ವಿಲಂಬಿತ ಏಕತಾಳ. ಹನ್ನೆರಡು ಮಾತ್ರೆಯ ಒಂದು ಸುತ್ತಿಗೇ ಸುಮಾರು ಒಂದು ನಿಮಿಷ ಬೇಕು. ಹತ್ತು ಸಲ ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಬರುತ್ತದೆ. ಹತ್ತು ಸಲ ತಲೆದೂಗಿ ಹೊರಡಿ."

ಚಳ್ಳಕೆರೆಯಿಂದ ಬಂದು ಹತ್ತು ಸಲ ತಲೆದೂಗುವುದು ಲಾಭವೋ ನಷ್ಟವೋ ಎಂದು ಭಾವ ಯೋಚಿಸಿದರು. ನಮ್ಮ ಅಕ್ಕನನ್ನು ನೋಡಲು ಬಂದಾಗ ಇಷ್ಟು ಯೋಚಿಸಿದ್ದನ್ನು ನಾನು ಕಂಡಿಲ್ಲ. ಕೊನೆಗೆ, "ಆಗಲಿ, ಬರುತ್ತೇನೆ. ಹತ್ತು ನಿಮಿಷವಾದರೂ ನೆಮ್ಮದಿಯಾಗಿ ಕೇಳಿದ ಹಾಗಾಯಿತು. ತಾರೀಖು ಬರೆದುಕೊಳ್ಳುತ್ತೇನೆ, ಆ ಕಾರ್ಡು ಕೊಡು" ಎಂದು ಕೈ ಚಾಚಿದರು.

"ನಾನೇ ಹೇಳುತ್ತೇನೆ, ಬರೆದುಕೊಳ್ಳಿ ಭಾವ."

"ಕೈ ಒರೆಸಿಕೊಂಡಿದ್ದೇನೆ, ಕೊಡು."

ಕೊಟ್ಟೆ. ನನ್ನ ಹೆಬ್ಬೆರಳು ಇಷ್ಟು ಹೊತ್ತು ಕುಳಿತಿದ್ದ ಜಾಗವನ್ನು ಅವರು ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಅಲ್ಲಿ ವಂದನಾರ್ಪಣೆ ಎಂದಿತ್ತು, ಅದರ ಮುಂದೆ ನನ್ನ ಹೆಸರು.

"ಎರಡೇ ನಿಮಿಷ" ಎಂದೆ ನಾನು. "ಹನ್ನೊಂದು ಜನರ ಹೆಸರು ಹೇಳಿ ಇಳಿದುಬಿಡುತ್ತೇನೆ. ಶಾಮಿಯಾನದವರು, ಹೂವಿನವರು, ಪತ್ರಿಕೆಯವರು... ಮೈಕ್‌ಸೆಟ್ಟಿನವನನ್ನೂ ಬಿಡುವಂತಿಲ್ಲ."

"ಹೋದ ಸಲ ಬಿಟ್ಟಿದ್ದಿರಿ" ಎಂದ ಹುಡುಗ.

ಮೇಷ್ಟ್ರು ಮಂಡಕ್ಕಿ ಕಾಗದವನ್ನು ಮತ್ತೆ ಬಿಡಿಸಿದರು. ನನ್ನ ಮುಖ ನೋಡಿದರು, ಆಮೇಲೆ ಭಾವನ ಮುಖ ನೋಡಿದರು. ಮೂವತ್ತರ ಕೆಳಗೆ ಹತ್ತು ಎಂದು ಬರೆದು ಗೆರೆ ಎಳೆದರು.