ಸಹಾಯ ಬೇಕು: ಕೆಎಸ್‌ಪಿ ಪಾಠಕ್ಕೆ ಒಳ್ಳೆಯ ಚಿತ್ರ ಇದೆಯಾ?

ಎಲ್ಲರಿಗೂ ನಮಸ್ಕಾರ. ಫಸ್ಟ್ ಪಿಯುಸಿಗೆ ಅಯಾನಿಕ್ ಸಮತೋಲನ ಪಾಠ ಮಾಡ್ತಾ ಇದ್ದೇನೆ. ಲೆಕ್ಕ ಎಲ್ಲರೂ ಮಾಡ್ತಾರೆ, ಸಿಲ್ವರ್ ಕ್ಲೋರೈಡಿನ ಕೆಎಸ್‌ಪಿ (ಇನ್ನು ಕರಗಲಾರದಷ್ಟು ಕರಗಿದ, ಅಂದರೆ ಸ್ಯಾಚುರೇಟ್ ಆದ ದ್ರಾವಣದಲ್ಲಿ ಎರಡು ಅಯಾನುಗಳ ಸಾಂದ್ರತೆಗಳ ಗುಣಲಬ್ಧ) 1.8 × 10⁻¹⁰ ಅಂತ ಕೊಟ್ಟರೆ ವರ್ಗಮೂಲ ತೆಗೆದು ಕರಗುವಿಕೆ ಲೀಟರಿಗೆ 1.3 × 10⁻⁵ ಮೋಲ್ ಅಂತ ಥಟ್ಟನೆ ಬರೆದುಬಿಡುತ್ತಾರೆ. ಆದರೆ ಬೀಕರ್ ಒಳಗೆ ಏನಿದೆ ಅಂತ ಚಿತ್ರ ಬರೆಯಿರಿ ಅಂದರೆ ಕಥೆ ಬೇರೆ. ನೀರಿನಲ್ಲಿ ಬಿಡಿಬಿಡಿಯಾಗಿ ಇರಬೇಕಾದ ಸಿಲ್ವರ್ ಮತ್ತು ಕ್ಲೋರೈಡ್ ಅಯಾನುಗಳನ್ನು ಜೋಡಿ ಜೋಡಿಯಾಗಿ ಅಂಟಿಸಿ ಬರೆಯುತ್ತಾರೆ. ಇನ್ನು ಕೆಲವರು ತಳದಲ್ಲಿ ಬಿಳಿ ಪುಡಿ ಬರೆದು ಸುಮ್ನೆ ಬಿಡ್ತಾರೆ, ಬಾಣದ ಗುರುತೇ ಇಲ್ಲ. ದ್ರಾವಣ ಸ್ಯಾಚುರೇಟ್ ಆದಮೇಲೆ ಕರಗುವುದು ನಿಂತೇ ಹೋಯಿತು ಅಂತ ಅವರ ಲೆಕ್ಕ.

ಕರಗುವುದು, ಮತ್ತೆ ಗಟ್ಟಿಯಾಗುವುದು ಎರಡೂ ಒಂದೇ ವೇಗದಲ್ಲಿ ನಡೀತಾನೇ ಇರುತ್ತವೆ ಅಂತ ಎದುರುಬದುರು ಎರಡು ಸಮ ಬಾಣ ಹಾಕಿ ಹೇಗೋ ಹೇಳಿದೆ. ನಿಜವಾದ ತಲೆನೋವು ಕಾಮನ್ ಅಯಾನ್ ಪರಿಣಾಮದ್ದು, ಅಂದರೆ ಅದೇ ಅಯಾನು (ಇಲ್ಲಿ ಕ್ಲೋರೈಡ್) ದ್ರಾವಣದಲ್ಲಿ ಮೊದಲೇ ಇದ್ದರೆ ಕರಗುವುದು ಕಡಿಮೆಯಾಗುವುದು. 0.1 ಮೋಲಾರ್ ಉಪ್ಪಿನ ದ್ರಾವಣ ತೆಗೆದುಕೊಂಡರೆ, ಪಾಠದ ಲೆಕ್ಕದ ಪ್ರಕಾರ ಸಿಲ್ವರ್ 1.8 × 10⁻⁹ ಮೋಲಾರ್‌ಗೆ ಇಳಿಯುತ್ತದೆ, ಅಂದರೆ ಒಂದು ಸಿಲ್ವರ್ ಅಯಾನಿಗೆ ಸುಮಾರು 5.5 ಕೋಟಿ ಕ್ಲೋರೈಡ್! ಬೋರ್ಡ್ ಮೇಲೆ ಎಷ್ಟು ಚುಕ್ಕೆ ಇಡೋದು? ಹತ್ತು ಇಟ್ಟರೆ ಅದೇ ಅನುಪಾತ ಅಂದುಕೊಳ್ತಾರೆ. ಜೊತೆಗೆ ಸೋಡಿಯಂ ಚುಕ್ಕೆ ಬಿಟ್ಟರೆ ಚಾರ್ಜ್ ಸರಿಹೋಗಲ್ಲ, ಹಾಕಿದರೆ ಗಜಿಬಿಜಿ.

ಎರಡು ಅಕ್ಷದಲ್ಲೂ ಲಾಗ್ ಹಾಕಿ, ಒಂದರಲ್ಲಿ ಸಿಲ್ವರ್, ಇನ್ನೊಂದರಲ್ಲಿ ಕ್ಲೋರೈಡ್ ಸಾಂದ್ರತೆ ಇಟ್ಟು ಇಳಿಯುವ ನೇರ ಗೆರೆ ಎಳೆದರೆ ಹೇಗೆ? ಗೆರೆಯ ಮೇಲ್ಗಡೆ ಒತ್ತರಿಸುತ್ತದೆ (ಬಿಳಿ ಪುಡಿಯಾಗಿ ಬೇರ್ಪಡುತ್ತದೆ), ಕೆಳಗಡೆ ಇಲ್ಲ. ನನಗಂತೂ ಚೆನ್ನಾಗಿದೆ ಅನ್ನಿಸುತ್ತೆ, ಆದರೆ ಫಸ್ಟ್ ಪಿಯುಸಿ ಮಕ್ಕಳಿಗೆ ಜಾಸ್ತಿ ಆಯ್ತಾ? ತರಗತಿಯಲ್ಲಿ ಬಳಸಿ ನೋಡಿದವರು ದಯವಿಟ್ಟು ಹೇಳಿ. ಕೈಯಲ್ಲಿ ಬರೆದ ಚಿತ್ರದ ಫೋಟೋ ಹಾಕಿದರೂ ಸಾಕು, ಕನ್ನಡ ಮೀಡಿಯಂನಿಂದ ಬಂದವರೂ ಇರೋದರಿಂದ ಹೆಸರುಗಳು ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು.