ಲಕ್ಕುಂಡಿಯೊಳಗ ಲಕ್ಕುಂಡಿಯವರು ಸಿಗೂದಿಲ್ಲ

ಸುಧೀರ, ಡೊಂಬಿವಲಿ: ನಾ ಗ್ರೂಪಿಗೆ ಹಾಕಿದ ಸ್ಕ್ರೀನ್‌ಶಾಟ್ ನೋಡ್ರಿ. 1881ರ ಸೆನ್ಸಸ್‌ದಾಗ ನಮ್ಮ ‘ಲಕ್ಕುಂಡಿ’ ಅಡ್ಡಹೆಸರಿನ ಮೂರು ಮನಿ! ವಂಶಾವಳಿಗೆ ಸೇರಸೂಣು.

ವಸಂತಕಾಕಾ, ಪುಣೆ: ಬ್ಯಾಡಪಾ. ಕಾಲಂ ಓದು: ಪ್ಯಾರಿಷ್, ಕೌಂಟಿ. ಇದು ಇಂಗ್ಲಂಡಿನ ಗಣತಿ, ಏಪ್ರಿಲ್ 3ರದ್ದು. ನಮ್ಮಲ್ಲಿ ಆಗಿದ್ದು ಅದೇ ವರ್ಷ ಫೆಬ್ರುವರಿ 17ಕ್ಕ.

ಸುಧೀರ: ಎರಡೂ ಬ್ರಿಟಿಷರು ಮಾಡಿದ್ದೇ ಅಲ್ಲೇನ್ರಿ? ಲಕ್ಕುಂಡಿ ಊರು ಇದ್ದ ಧಾರವಾಡ ಜಿಲ್ಲಾ ಮುಂಬಯಿ ಪ್ರಾಂತ್ಯದಾಗ ಇತ್ತು. ಇಲ್ಲಿ ಮುಂಬಯಿಯ ಸರಕಾರಿ ದಫ್ತರದಾಗ ನಮ್ಮವರ ಹೆಸರು ಇರಬೇಕು.

ವಸಂತಕಾಕಾ: ಇರೋದು ಕೋಷ್ಟಕ. ಜಾತಿ, ಧರ್ಮ, ಕಸುಬಿನ ಲೆಕ್ಕ. ಮನಿಮನಿ ಹೆಸರು ಬರದ ಹಾಳಿ ಎಣಿಕಿ ಆದಮ್ಯಾಲ ಉಳಸಲಿಲ್ಲ. ಈಗಿನವಂತೂ 1948ರ ಕಾಯ್ದೆ ಪ್ರಕಾರ ಯಾರಿಗೂ ತೋರಸೂದಿಲ್ಲ.

ಸುಧೀರ: ಮತ್ತ ಆ ಮೂರು ಮನಿ?

ವಸಂತಕಾಕಾ: ನೀ ದನಿ ಹೊಂದಿಸೋ ಸೌಂಡೆಕ್ಸ್ ಆಯ್ಕೆ ಒತ್ತೀಯಲ್ಲ, ಅದರ ಫಲ. ಮೊದಲನೇ ಇಂಗ್ಲಿಷ್ ಅಕ್ಷರ ಇಟ್ಕೊಂಡು, ಸ್ವರ ಬಿಟ್ಟು, ವ್ಯಂಜನಕ್ಕ ಮೂರು ಅಂಕಿ ಕೊಡತದ. ಲಕ್ಕುಂಡಿ ಅಂದ್ರ ಎಲ್ 253. ಲಸೆಂಟ್ ಅಂದ್ರೂ ಎಲ್ 253! ನಿಖರ ಹೆಸರು ಅಂತ ಆಯ್ಕೆ ಬದಲಿಸಿ ಮತ್ತೊಮ್ಮೆ ಹುಡುಕು.

ಸುಧೀರ: ಸೊನ್ನೆ ಬಂತು ಕಾಕಾ. ಹಂಗಾರ ಲಕ್ಕುಂಡಿಗೇ ಹೋಗಿ ಹಳೇ ಉತಾರ, ಅಂದ್ರ ಜಮೀನಿನ ದಾಖಲೆ, ತಗಸ್ತೀನಿ.

ವೈಶಾಲಿ, ಮಡಗಾಂವ: ಅಲ್ಲೇ ತಪ್ಪತದ ಸುಧೀರಣ್ಣ. ಊರಾಗ ಇದ್ದವರಿಗೆ ಊರಿನ ಹೆಸರಿಟ್ಟು ಯಾರು ಕರೀತಾರ? ಊರು ಬಿಟ್ಟಮ್ಯಾಲ ಹೊಸ ಊರಿನವರು ಲಕ್ಕುಂಡಿಯವರು ಅಂದ್ರು, ಅದೇ ಅಡ್ಡಹೆಸರಾತು. ಲಕ್ಕುಂಡಿ ಉತಾರದಾಗ ಅಜ್ಜ ಕುಲಕರ್ಣಿ ಇದ್ದಿರಬಹುದು, ಇಲ್ಲಾ ಬರೀ ಅಪ್ಪನ ಹೆಸರು ಇದ್ದೀತು. ಬ್ಯಾರೆ ಬ್ಯಾರೆ ಜಾತಿಯವರಿಗೂ ಇದೇ ಅಡ್ಡಹೆಸರು ಬಂದಿರತದ. ಒಂದೇ ಹೆಸರು ಕಂಡಕೂಡಲೇ ಒಂದೇ ಮನೆತನ ಅನ್ನಬಾರದು.

ವಸಂತಕಾಕಾ: ಖರೇ ಹೇಳಿದಿ ತಂಗಿ. ಹುಡುಕೋದು ವಲಸೆ ಹೋದ ಊರಿನಿಂದ ಹಿಂದಕ್ಕ. ಮೊದಲಿಗೆ ಅಜ್ಜ ಕಲತ ಶಾಲಿಯ ಜನರಲ್ ರಜಿಸ್ಟರ್ (ಮಕ್ಕಳ ದಾಖಲಾತಿ ಪುಸ್ತಕ) ನಕಲು ತಗಸ್ರಿ, ಹುಟ್ಟಿದ ಊರು, ಜಾತಿ ಸಿಗತಾವ. ಆಮ್ಯಾಲ ನಾಶಿಕದ ತೀರ್ಥ ಪುರೋಹಿತರ ನಾಮಾವಳಿ. ಅಲ್ಲಿ ಯಾತ್ರಿಕರು ತಂದಿ, ಅಜ್ಜ, ಅಣ್ಣತಮ್ಮಂದಿರ ಹೆಸರು ಬರಸಿರತಾರ. ಅಡ್ಡಹೆಸರಷ್ಟೇ ಹೇಳಿದ್ರ ಸಾಲದು, ಮೂಲ ಊರು ಹೇಳ್ರಿ.

ವೈಶಾಲಿ: ಮರಾಠಿಯವರು ಲಕುಂಡಿಕರ ಅಂತ ಬರದಿದ್ರ?

ವಸಂತಕಾಕಾ: ಅದನ್ನೂ ಕೇಳಬೇಕು. ಹಳೇ ವಹಿ ಮೋಡಿ ಅನ್ನೋ ಹಳೇ ಮರಾಠಿ ಲಿಪಿದಾಗ ಇದ್ರ ಹ್ರಸ್ವ-ದೀರ್ಘ ನೋಡಿ ಹೆಸರು ತಳ್ಳಿಹಾಕಬ್ಯಾಡ್ರಿ, ಮೋಡಿಯೊಳಗ ಆ ಭೇದ ಮಾಡೂದಿಲ್ಲ.

ಸುಧೀರ: ಒಪ್ಪಿದೆ. ಸ್ಕ್ರೀನ್‌ಶಾಟ್ ಅಳಸಿದೆ. ಅಜ್ಜ ಕಲತ ಶಾಲಿ ಗದಗಿಂದೋ, ಹುಬ್ಬಳ್ಳಿದೋ?

ವಸಂತಕಾಕಾ: ಹುಬ್ಬಳ್ಳಿ. ಅರ್ಜಿಯೊಳಗ ಅಜ್ಜನ ಪೂರ್ತಿ ಹೆಸರು, ಅವರಪ್ಪನ ಹೆಸರು ಎರಡೂ ಬರಿ.