ರಕ್ತ ತೆಗೆಯುವಾಗ ನರ ಸಿಗದಿದ್ದರೆ?

ಪ್ರಶ್ನೆ: ಫ್ಲೆಬಾಟಮಿ ಟೆಕ್ನಿಶಿಯನ್ (ಪರೀಕ್ಷೆಗೆ ರಕ್ತ ತೆಗೆಯುವವರು) ತರಬೇತಿಯಲ್ಲಿದ್ದೇನೆ. ರಬ್ಬರ್ ತೋಳಿನಲ್ಲಿ ಸೂಜಿ ಸಲೀಸಾಗಿ ಹೋಗುತ್ತದೆ. ಮುಂದಿನ ವಾರದಿಂದ ನಿಜವಾದ ರೋಗಿಗಳು. ದಪ್ಪ ಕೈಯಲ್ಲಿ ನರ ಹೇಗೆ ಹುಡುಕುತ್ತೀರಿ? ಟ್ಯೂಬ್‌ಗಳ ಕ್ರಮವೂ ತಲೆಯಲ್ಲಿ ನಿಲ್ಲುತ್ತಿಲ್ಲ.

ಉತ್ತರ 1: ಕಣ್ಣಿಗಿಂತ ಬೆರಳನ್ನು ನಂಬಿ. ನಾನು ಈಗಲೂ ಕಣ್ಣು ಮುಚ್ಚಿಯೇ ಹುಡುಕುತ್ತೇನೆ. ಮೊಣಕೈ ಮಡಿಕೆಯಲ್ಲಿ ತೋರುಬೆರಳಿಂದ ಮೆಲ್ಲಗೆ ಒತ್ತಿ. ಒಳ್ಳೆಯ ನರ ತಗ್ಗಿ, ಬಿಟ್ಟ ಕೂಡಲೇ ಪುಟಿಯುತ್ತದೆ. ಗಟ್ಟಿ ಹಗ್ಗದ ಹಾಗಿದ್ದರೆ ಅದು ಸ್ನಾಯುರಜ್ಜು. ನಾಡಿ ಬಡಿದರೆ ಅಪಧಮನಿ, ಅಲ್ಲಿ ಚುಚ್ಚಲೇಬೇಡಿ. ಟೂರ್ನಿಕೆ (ತೋಳಿಗೆ ಬಿಗಿಯುವ ಪಟ್ಟಿ) 1 ನಿಮಿಷಕ್ಕಿಂತ ಜಾಸ್ತಿ ಬೇಡ. ಮುಷ್ಟಿ ಬಿಗಿದು ಬಿಟ್ಟು ಮಾಡಿಸಬೇಡಿ, ಪೊಟ್ಯಾಶಿಯಂ ಸುಮ್ನೆ ಏರಿ ಕಾಣಿಸುತ್ತದೆ.

ಉತ್ತರ 2: ಕ್ರಮವನ್ನು ಕಾರಣದ ಜೊತೆ ಕಲಿಯಿರಿ. ಮುಚ್ಚಳದ ಬಣ್ಣದ ಪ್ರಕಾರ ತುಂಬುವ ಕ್ರಮ: ತಿಳಿನೀಲಿ, ಕೆಂಪು, ಹಸಿರು, ನೇರಳೆ, ಬೂದು. ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂಬ ಪರೀಕ್ಷೆ) ಇದ್ದರೆ ಅದೇ ಮೊದಲು. ನೇರಳೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಪೊಟ್ಯಾಶಿಯಂ ಇಡಿಟಿಎ ಇರುತ್ತದೆ. ನೇರಳೆಯನ್ನು ಮೊದಲು ತುಂಬಿ, ಅದು ಕೆಂಪು ಟ್ಯೂಬಿಗೆ ಸೇರಿದರೆ ಪೊಟ್ಯಾಶಿಯಂ ಹೆಚ್ಚು, ಕ್ಯಾಲ್ಶಿಯಂ ಕಡಿಮೆ ಬರುತ್ತದೆ. ಆ ವರದಿ ನಂಬಿ ಯಾರಿಗೋ ಬೇಡದ ಔಷಧಿ ಕೊಡಬಹುದು, ಅಲ್ವಾ?

ಪ್ರಶ್ನೆ ಕೇಳಿದವರು: ಕಾರಣ ಗೊತ್ತಾದ ಮೇಲೆ ನೆನಪು ಸುಲಭ. ತುಂಬಾ ಥ್ಯಾಂಕ್ಸ್! ಲೇಬಲ್ ಯಾವಾಗ ಅಂಟಿಸಬೇಕು?

ಉತ್ತರ 2: ರಕ್ತ ತೆಗೆದ ಮೇಲೆ, ರೋಗಿಯ ಎದುರಲ್ಲೇ. ಹೆಸರನ್ನು ಮಾತ್ರ ಚುಚ್ಚುವ ಮೊದಲೇ ಅವರ ಬಾಯಿಂದ ಹೇಳಿಸಿ.